ಅಮ್ಮನನ್ನು ಕಫ ತೆಗೆಯುವ ಸಾಧನದ ಟ್ರಯಲ್‌ಗೆ ಸೇರಿಸಬಹುದಾ? ಏನೇನು ಕೇಳಬೇಕು ಹೇಳಿ

ಮಲೆನಾಡು_ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನ ವಿಷಯ, ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ಅಮ್ಮನಿಗೆ ಅರವತ್ತು ದಾಟಿದೆ. ಮದುವೆಗೆ ಮುಂಚೆ ಟಿಬಿ ಬಂದು ವಾಸಿಯಾಗಿತ್ತು. ಕಾಯಿಲೆ ಹೋಯಿತು, ಅದು ಹಾಳು ಮಾಡಿದ ಶ್ವಾಸನಾಳ ಹಾಗೇ ಉಳಿಯಿತು. ಈಗ ಸಿಟಿ ಸ್ಕ್ಯಾನ್ ನೋಡಿ ಬ್ರಾಂಕಿಯೆಕ್ಟಾಸಿಸ್ ಅಂದಿದ್ದಾರೆ. ನಾಳಗಳು ಅಗಲವಾಗಿ ಸಡಿಲಬಿದ್ದಿವೆ, ಕಫ ಮೇಲೆ ಬರುವುದಿಲ್ಲ, ಅಲ್ಲೇ ನಿಂತು ಸೋಂಕಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮು ಶುರು. ತಿಂಡಿ ಮಾಡುವ ಹೊತ್ತಿಗೆ ಸುಸ್ತಾಗಿ ಕೂತುಬಿಡುತ್ತಾಳೆ. ಮಳೆಗಾಲ ಹಿಡಿದರೆ ಆಂಟಿಬಯೊಟಿಕ್ ತಪ್ಪಿದ್ದಲ್ಲ. ನಾಲ್ಕು ಜನರ ಮಧ್ಯೆ ಕೆಮ್ಮು ಬಂದರೆ ಎಲ್ಲರೂ ತಿರುಗಿ ನೋಡುತ್ತಾರೆ ಅಂತ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದಾಳೆ.

ಹೋದ ವಾರ ಅಮ್ಮನನ್ನು ತೋರಿಸುವ ಆಸ್ಪತ್ರೆಯಲ್ಲಿ ಫಿಸಿಯೊ ವಿಭಾಗದವರು ಒಂದು ಅಧ್ಯಯನಕ್ಕೆ ಸೇರುತ್ತೀರಾ ಅಂತ ಕೇಳಿದರು. ಕೈಯಲ್ಲಿ ಹಿಡಿದು ಊದುವ ಸಾಧನ. ಊದಿದರೆ ಒಳಗೆ ಟರ್ರ್ ಅಂತ ನಡುಗುತ್ತದೆ, ಆ ನಡುಕ ಎದೆಯವರೆಗೂ ಗೊತ್ತಾಗುತ್ತದೆ. ಮೂರು ತಿಂಗಳು ದಿನಕ್ಕೆ ಎರಡು ಸಲ ಅದನ್ನು ಬಳಸಬೇಕು, ಇನ್ನು ಮೂರು ತಿಂಗಳು ಬಳಸಬಾರದು, ಮಧ್ಯೆ ಒಂದು ತಿಂಗಳು ಬಿಡುವು. ಯಾವುದು ಮೊದಲು ಅನ್ನುವುದನ್ನು ಕಂಪ್ಯೂಟರ್ ಆರಿಸುತ್ತದಂತೆ. ಕಫ ತೂಕ ಮಾಡುತ್ತಾರೆ, ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ಮಾಡುತ್ತಾರೆ, ಪ್ರಶ್ನೆಗಳ ಹಾಳೆ ತುಂಬಿಸುತ್ತಾರೆ.

ನನಗೆ ಸೇರಿಸಬೇಕು ಅಂತಲೇ ಇದೆ. ಆದರೆ ಅಲ್ಲಿದ್ದ ಹುಡುಗಿ ಪದೇಪದೇ ಹೇಳಿದ್ದು ಒಂದೇ ಮಾತು, "ಇದರಿಂದ ಜಾಸ್ತಿ ಕಫ ಬರುತ್ತದೆ". ಕಫ ಜಾಸ್ತಿ ಬಂದರೆ ಅಮ್ಮನ ಬದುಕು ಹಗುರ ಆಗುತ್ತದಾ? ನನಗೆ ತಿಳಿಯಬೇಕಾದ್ದು ಅದು. ಗೊತ್ತಿದ್ದವರು ಹೇಳಿ.

ಫಿಸಿಯೊ_ಹಾಸನ

ಮೇಡಂ, ನೀವು ಕೇಳಿದ ಪ್ರಶ್ನೆ ಸರಿಯಾದ ಜಾಗಕ್ಕೇ ಬಿದ್ದಿದೆ. ನಾನು ಎದೆ ಫಿಸಿಯೊಥೆರಪಿಯಲ್ಲೇ ಕೆಲಸ ಮಾಡುವವನು. ಮೊದಲು ಸಾಧನ ಏನು ಮಾಡುತ್ತದೆ ಅಂತ ಹೇಳುತ್ತೇನೆ.

ಎರಡು ಕೆಲಸ. ಒಂದು, ಉಸಿರು ಹೊರಗೆ ಬಿಡುವಾಗ ಸ್ವಲ್ಪ ಅಡ್ಡಿ ಒಡ್ಡುತ್ತದೆ. ಸಾಮಾನ್ಯವಾಗಿ 10ರಿಂದ 20 ಸೆಂಟಿಮೀಟರ್ ನೀರಿನಷ್ಟು ಒತ್ತಡ. ಸಡಿಲಬಿದ್ದ ನಾಳಗಳು ಉಸಿರು ಬಿಡುವಾಗ ಮುಚ್ಚಿಕೊಂಡುಬಿಡುತ್ತವೆ, ಈ ಒತ್ತಡ ಅವನ್ನು ತೆರೆದಿಡುತ್ತದೆ, ಗಾಳಿ ಕಫದ ಹಿಂದಕ್ಕೂ ಹೋಗುತ್ತದೆ. ಎರಡನೆಯದು ನಡುಕ. ಸೆಕೆಂಡಿಗೆ ಹತ್ತಿಪ್ಪತ್ತು ಸಲ ಗಾಳಿ ಕಡಿದು ಕಡಿದು ಹೋಗುವುದರಿಂದ ಗೋಡೆಗೆ ಅಂಟಿದ ಕಫ ಬಿಡುತ್ತದೆ, ಸ್ವಲ್ಪ ತೆಳುವೂ ಆಗುತ್ತದೆ. ಫ್ಲಟರ್ ಅನ್ನುವುದು ಸ್ವಿಟ್ಜರ್ಲೆಂಡಿನಿಂದ ಬಂದದ್ದು, ಅದರಲ್ಲಿ ಒಂದು ಉಕ್ಕಿನ ಗುಂಡು ಇರುತ್ತದೆ, ಊದಿದಾಗ ಗುಂಡು ಎದ್ದು ಬೀಳುತ್ತದೆ. ಅದನ್ನು ಹಿಡಿಯುವ ಓರೆ ಬದಲಾದರೆ ನಡುಕವೂ ಬದಲಾಗುತ್ತದೆ, ಮಲಗಿಕೊಂಡು ಮಾಡುವುದು ಕಷ್ಟ. ಅಕಾಪೆಲ್ಲಾದಲ್ಲಿ ಆಯಸ್ಕಾಂತ ಮತ್ತು ಒಂದು ಸಣ್ಣ ಸನ್ನೆಕೋಲು, ಅದು ಹೇಗೆ ಹಿಡಿದರೂ ನಡೆಯುತ್ತದೆ. ಏರೋಬಿಕಾ ಕೆನಡಾದ್ದು. ಬ್ರಾಂಡ್ ಬೇರೆ ಬೇರೆ, ತತ್ವ ಒಂದೇ.

ಸಾಧನ ಊದಿದ್ದಕ್ಕೇ ಕಫ ಬಾಯಿಗೆ ಬರುವುದಿಲ್ಲ. ಊದಿದ ಮೇಲೆ ಹಫ್ ಮಾಡಬೇಕು. ಕನ್ನಡಕ ಒರೆಸುವ ಮುಂಚೆ ಗಾಜಿನ ಮೇಲೆ ಹಾ ಅಂತ ಉಸಿರು ಬಿಡುತ್ತೇವಲ್ಲ, ಅದನ್ನೇ ಇನ್ನೂ ಜೋರಾಗಿ, ಹೊಟ್ಟೆಯಿಂದ. ಇದನ್ನು ಕಲಿಸದೆ ಸಾಧನ ಕೈಗೆ ಕೊಟ್ಟು ಕಳಿಸಿದರೆ ಪ್ರಯೋಜನ ಇಲ್ಲ. ಟ್ರಯಲ್‌ನವರು ಎಷ್ಟು ಹೊತ್ತು ಕಲಿಸುತ್ತಾರೆ, ಮತ್ತೆ ಕರೆದು ಸರಿಯಾಗಿ ಮಾಡುತ್ತಿದ್ದೀರಾ ಅಂತ ನೋಡುತ್ತಾರಾ, ಇದನ್ನು ಮೊದಲು ಕೇಳಿ.

ಇನ್ನು ಕಫ ತೂಕ ಮಾಡುವ ವಿಷಯ. ಅದು ಸುಲಭವಾಗಿ ಅಳೆಯಬಹುದು, ಅದಕ್ಕೇ ಎಲ್ಲರೂ ಅಳೆಯುತ್ತಾರೆ. ನಮ್ಮಲ್ಲಿ ಎಂಪಿಟಿ (ಫಿಸಿಯೊಥೆರಪಿ ಸ್ನಾತಕೋತ್ತರ) ಥೀಸಿಸ್‌ಗೆ ಮಾಡುವ ಎಷ್ಟೋ ಅಧ್ಯಯನಗಳು ಒಂದೆರಡು ಸಲ ಊದಿಸಿ, ಕಪ್ ತೂಗಿ, ಮುಗಿಸಿಬಿಡುತ್ತವೆ. ಕಪ್ಪಿನಲ್ಲಿ ಕಫದ ಜೊತೆ ಎಂಜಲೂ ಇರುತ್ತದೆ. ಬಾಯಿಗೆ ಏನೋ ಇಟ್ಟುಕೊಂಡು ಊದಿದರೆ ಜೊಲ್ಲು ಬರುವುದು ಸಹಜ ಅಲ್ವಾ? ಸಾಧನ ಇಲ್ಲದ ಗುಂಪಿನವರಿಗೆ ಅದು ಬರುವುದಿಲ್ಲ. ಹೀಗಾಗಿ ಕೆಲವರು ಕಫ ಒಣಗಿಸಿ ತೂಗುತ್ತಾರೆ. ಇನ್ನೊಂದು, ಕೆಲವರು ಕಫ ನುಂಗಿಬಿಡುತ್ತಾರೆ, ಅದರಲ್ಲೂ ಹೆಂಗಸರು ಬೇರೆಯವರ ಎದುರು ಉಗುಳಲು ನಾಚಿಕೊಂಡು. ಅದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಬೆಳಿಗ್ಗೆ ಜಾಸ್ತಿ ಬಂದು ಮಧ್ಯಾಹ್ನ ಕಡಿಮೆ ಬಂದರೆ ಒಟ್ಟು ಅಷ್ಟೇ ಇರಬಹುದು, ಆದರೂ ರೋಗಿಗೆ ಮಧ್ಯಾಹ್ನ ನೆಮ್ಮದಿ ಸಿಕ್ಕಿರುತ್ತದೆ. ತೂಕದ ಯಂತ್ರಕ್ಕೆ ಅದು ಕಾಣುವುದಿಲ್ಲ.

ಕೋಲಾರದಿಂದ

ಕೋವಿಡ್ ಸಮಯದಲ್ಲಿ ನಮ್ಮನೆಯಲ್ಲಿ ಮೂರು ಚೆಂಡಿನ ಡಬ್ಬಿ ತಗೊಂಡಿದ್ವಿ. ಇದು ಅದೇನಾ? ನಮ್ಮ ಚಿಕ್ಕಪ್ಪನಿಗೆ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘ ಕಾಯಿಲೆ) ಇದೆ, ಅವರಿಗೆ ಅದನ್ನೇ ಕೊಡಬಹುದಾ?

ಫಿಸಿಯೊ_ಹಾಸನ

ಇಲ್ಲ ಅಣ್ಣ, ಅದು ಬೇರೆ. ಮೂರು ಚೆಂಡಿನದು ಉಸಿರು ಒಳಗೆ ಎಳೆಯುವುದಕ್ಕೆ. ಆಪರೇಷನ್ ಆದವರು ನೋವಿಗೆ ಹೆದರಿ ದೀರ್ಘ ಉಸಿರು ತೆಗೆದುಕೊಳ್ಳುವುದಿಲ್ಲ, ಅಂಥವರಿಗೆ ಕೊಡುತ್ತಾರೆ. ಕಫ ಸಡಿಲಿಸುವ ಕೆಲಸ ಅದಕ್ಕಿಲ್ಲ. ನಾವಿಲ್ಲಿ ಮಾತಾಡುತ್ತಿರುವುದು ಹೊರಗೆ ಊದುವ ಸಾಧನ. ಚಿಕ್ಕಪ್ಪನಿಗೆ ದಿನಾ ಕಫ ಬರುತ್ತದಾ ಅಂತ ಮೊದಲು ನೋಡಿ, ಆಮೇಲೆ ಫಿಸಿಯೊ ಹತ್ತಿರ ಕರ್ಕೊಂಡು ಹೋಗಿ.

ಧಾರವಾಡ_ಮೇಷ್ಟ್ರು

ತಂಗಿ, ನನಗೆ ಸಿಒಪಿಡಿ ಇದೆ. ಬೀಡಿ ಸೇದಿದ್ದು ಬಿಟ್ಟು ಭಾಳ ವರ್ಷ ಆಯ್ತು, ಕಫ ಬಿಡಲಿಲ್ಲ. ನನ್ನ ಹತ್ತಿರ ಹಸಿರು ಬಣ್ಣದ ಅಕಾಪೆಲ್ಲಾ ಇದೆ. ಹಿಂಭಾಗದಲ್ಲಿ ತಿರುಗಿಸುವ ಬಿಲ್ಲೆ ಇದೆ, ಒಂದರಿಂದ ಐದು ನಂಬರ್. ಶುರುವಿಗೆ ಕಡಿಮೆ ನಂಬರಿನಲ್ಲಿ ಇಟ್ಟು, ಮೇಜಿನ ಮೇಲೆ ಮೊಣಕೈ ಊರಿ ನೆಟ್ಟಗೆ ಕೂರಬೇಕು. ಎಂದಿಗಿಂತ ತುಸು ಜಾಸ್ತಿ ಉಸಿರು ಎಳೆದು, ಎರಡು ಮೂರು ಸೆಕೆಂಡ್ ಹಿಡಿದು, ನಿಧಾನಕ್ಕೆ ಊದುವುದು. ಕೆನ್ನೆ ಉಬ್ಬಬಾರದು. ಕೆನ್ನೆ ಉಬ್ಬಿದರೆ ನಡುಕ ಬಾಯಲ್ಲೇ ಮುಗಿದುಹೋಗುತ್ತದೆ, ಎದೆಗೆ ಇಳಿಯುವುದಿಲ್ಲ. ನಮ್ಮ ಫಿಸಿಯೊ ಮೇಡಂ ಮೊದಲು ಎರಡೂ ಕೆನ್ನೆ ಬೆರಳಿನಿಂದ ಒತ್ತಿ ಹಿಡಿದುಕೊಂಡು ಊದಿಸಿದರು, ಆಗ ಎದೆ ಮೇಲೆ ಕೈ ಇಟ್ಟರೆ ಗುರುಗುರು ಅನ್ನುವುದು ಕೈಗೇ ತಿಳಿಯಿತು.

ಹತ್ತು ಉಸಿರು, ಆಮೇಲೆ ಎರಡು ಮೂರು ಹಫ್, ಆಮೇಲೆ ಕೆಮ್ಮು. ಸ್ವಲ್ಪ ಸುಧಾರಿಸಿಕೊಂಡು ಮತ್ತೆ. ಇನ್‌ಹೇಲರ್ ಮೊದಲು ತಗೊಂಡು ಆಮೇಲೆ ಇದನ್ನು ಮಾಡುತ್ತೇನೆ, ನಾಳ ಬಿಚ್ಚಿಕೊಂಡಿದ್ದರೆ ಕಫ ಬೇಗ ಬರುತ್ತದೆ.

ನನ್ನ ಅನುಭವ ಕೇಳಿದರೆ, ಕಫ ಎಷ್ಟು ಬಂತು ಅನ್ನುವುದಕ್ಕಿಂತ ಯಾವಾಗ ಬಂತು ಅನ್ನುವುದು ದೊಡ್ಡದು. ಮುಂಚೆ ದಿನವಿಡೀ ಸ್ವಲ್ಪ ಸ್ವಲ್ಪ ಬರುತ್ತಿತ್ತು, ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಊಟದ ಪಂಕ್ತಿಯಲ್ಲಿ. ಈಗ ಬೆಳಿಗ್ಗೆ ಕೂತು ಖಾಲಿ ಮಾಡಿಕೊಂಡರೆ ಮಧ್ಯಾಹ್ನದವರೆಗೆ ಮನುಷ್ಯರ ಮಧ್ಯೆ ಕೂರಬಹುದು. ನಿಮ್ಮ ಅಮ್ಮ ಮದುವೆಗೆ ಹೋಗುವುದಿಲ್ಲ ಅಂದಿರಲ್ಲ, ಅದನ್ನು ಓದಿ ಬರೆಯಬೇಕು ಅನ್ನಿಸಿತು. ಅವರ ಪ್ರಶ್ನೆಪತ್ರಿಕೆಯಲ್ಲಿ ಈ ಥರದ ಮಾತು ಇದೆಯಾ ಕೇಳಿರಿ. ಇಲ್ಲದಿದ್ದರೆ ಆ ಪರೀಕ್ಷೆ ಅರ್ಧ.

ಲೆಸ್ಟರ್_ಕನ್ನಡಿಗ

ಮೇಷ್ಟ್ರೇ, ಅಂಥ ಪ್ರಶ್ನೆಪತ್ರಿಕೆ ಇದೆ. ನಾನಿರುವ ಊರಿನ ಹೆಸರೇ ಅದಕ್ಕೆ, ಲೆಸ್ಟರ್ ಕಾಫ್ ಕ್ವೆಶ್ಚನೇರ್. 19 ಪ್ರಶ್ನೆ. ಹಿಂದಿನ ಎರಡು ವಾರದಲ್ಲಿ ಕೆಮ್ಮಿನಿಂದ ಎದೆ ನೋವಾಯಿತಾ, ನಿದ್ದೆ ಕೆಟ್ಟಿತಾ, ಮುಜುಗರ ಆಯಿತಾ, ಫೋನಿನಲ್ಲಿ ಮಾತಾಡಲು ತೊಂದರೆ ಆಯಿತಾ, ಇಂಥವು. ಒಟ್ಟು ಅಂಕ 3ರಿಂದ 21. ಅಂಕ ಹೆಚ್ಚಾದಷ್ಟೂ ಒಳ್ಳೆಯದು. ಸುಮಾರು 1.3 ಅಂಕ ಏರಿದರೆ ರೋಗಿಗೆ ವ್ಯತ್ಯಾಸ ಗೊತ್ತಾಗುತ್ತದೆ ಅಂತ ಲೆಕ್ಕ.

ಇಲ್ಲಿ ಬ್ರಿಟನ್ನಿನಲ್ಲಿ ನಡೆದ ಎರಡು ಟ್ರಯಲ್ ಬಗ್ಗೆ ಹೇಳುತ್ತೇನೆ, ಮಲೆನಾಡು ಅವರು ಹೇಳಿದ ಅಧ್ಯಯನಕ್ಕೆ ಹತ್ತಿರದವು.

ಒಂದು ಎಡಿನ್‌ಬರೋದ್ದು, 2009ರಲ್ಲಿ ಪ್ರಕಟವಾದದ್ದು. ಬ್ರಾಂಕಿಯೆಕ್ಟಾಸಿಸ್ ಇರುವ 20 ಜನ. ಮೂರು ತಿಂಗಳು ದಿನಕ್ಕೆ ಎರಡು ಸಲ ಅಕಾಪೆಲ್ಲಾ, ಮೂರು ತಿಂಗಳು ಏನೂ ಇಲ್ಲ. ಅದೂ ಕ್ರಾಸ್‌ಓವರ್, ಅಂದರೆ ಪ್ರತಿಯೊಬ್ಬರೂ ಎರಡನ್ನೂ ಮಾಡಿದರು. ಕೆಮ್ಮಿನ ಅಂಕ 1.3 ಸುಧಾರಿಸಿತು, ನಡಿಗೆಯ ಪರೀಕ್ಷೆಯಲ್ಲಿ 40 ಮೀಟರ್ ಜಾಸ್ತಿ ನಡೆದರು. ಕಫವೂ ಸ್ವಲ್ಪ ಹೆಚ್ಚಾಯಿತು, ಬರೀ ಎರಡು ಮೂರು ಮಿಲಿ. ಸ್ಪೈರೋಮೆಟ್ರಿಯಲ್ಲಿ ಬದಲಾವಣೆ ಕಾಣಲಿಲ್ಲ. ಇದನ್ನು ಗಮನಿಸಿ. ಊದುವ ಪರೀಕ್ಷೆಯ ಅಂಕಿ ಮಾತ್ರ ನೋಡಿದ್ದರೆ ಸಾಧನದಿಂದ ಏನೂ ಆಗಲಿಲ್ಲ ಅಂತ ಮುಚ್ಚಿ ಇಡುತ್ತಿದ್ದರು.

ಇನ್ನೊಂದು ಲಂಡನ್ನಿನದು, 2023ರದು. ಸಿಒಪಿಡಿ ಇದ್ದು ದಿನಾ ಅಥವಾ ಹೆಚ್ಚಿನ ದಿನ ಕಫ ಬರುವ 122 ಜನ. ಅರ್ಧ ಜನರಿಗೆ ಅಕಾಪೆಲ್ಲಾ, ಅರ್ಧ ಜನರಿಗೆ ಎಂದಿನ ಚಿಕಿತ್ಸೆ, ಮೂರು ತಿಂಗಳು. ಕೆಮ್ಮಿನ ಅಂಕದಲ್ಲಿ ವ್ಯತ್ಯಾಸ ಸುಮಾರು 1. ಆಯಾಸದಲ್ಲೂ ಸ್ವಲ್ಪ ಸುಧಾರಣೆ ಕಂಡಿತು. ನನ್ನ ಅಭಿಪ್ರಾಯದಲ್ಲಿ ಇದು ಸಣ್ಣ ಲಾಭ, ಆದರೆ ನಿಜವಾದ ಲಾಭ.

ಎರಡರಲ್ಲೂ ಒಂದು ಕೊರತೆ ಇದೆ. ಸಾಧನವನ್ನು ಹೋಲಿಸಿದ್ದು ಏನೂ ಮಾಡದಿರುವುದರ ಜೊತೆ, ಅಥವಾ ಎಂದಿನ ಚಿಕಿತ್ಸೆಯ ಜೊತೆ. ಸಾಧನ ಇಲ್ಲದೆ ಬರೀ ಉಸಿರಿನಿಂದ ಕಫ ತೆಗೆಯುವ ವಿಧಾನಗಳಿವೆ, ಎಸಿಬಿಟಿ ಅಂತಾರೆ, ಅದಕ್ಕೆ ದುಡ್ಡು ಬೇಡ. ಅದನ್ನು ಚೆನ್ನಾಗಿ ಕಲಿಸಿ, ದಿನಕ್ಕೆ ಎರಡು ಸಲ ಮಾಡಿಸಿ, ಅದರ ಎದುರು ಸಾಧನ ನಿಲ್ಲುತ್ತದಾ? ಸಿಸ್ಟಿಕ್ ಫೈಬ್ರೋಸಿಸ್ (ಹುಟ್ಟಿನಿಂದಲೇ ಬರುವ, ಕಫ ಅಂಟಂಟಾಗುವ ಕಾಯಿಲೆ) ಇರುವ 75 ಜನರಲ್ಲಿ ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯವರು ಒಂದು ವರ್ಷ ಐದು ವಿಧಾನ ಹೋಲಿಸಿದ್ದರು, 2010ರಲ್ಲಿ ಬಂತು. ಫ್ಲಟರ್ ಇತ್ತು, ಅದೇ ಥರ ಊದುವ ಕಾರ್ನೆಟ್ ಇತ್ತು, ಬರೀ ಉಸಿರಿನ ವಿಧಾನವೂ ಇತ್ತು. ಶ್ವಾಸಕೋಶದ ಶಕ್ತಿಯಲ್ಲಿ ಯಾವುದೂ ಯಾವುದನ್ನೂ ಹಿಂದೆ ಹಾಕಲಿಲ್ಲ.

ದುಬಾರಿ ಆದದ್ದೇ ಒಳ್ಳೆಯದು ಅಂತಲೂ ಇಲ್ಲ. ಎದೆಗೆ ಕಟ್ಟಿಕೊಳ್ಳುವ, ಅಲುಗಾಡಿಸುವ ವೆಸ್ಟ್ ಬರುತ್ತದೆ, ಬೆಲೆ ಲಕ್ಷಗಳಲ್ಲಿ. ಕೆನಡಾದಲ್ಲಿ 107 ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳಲ್ಲಿ, ಮಕ್ಕಳೂ ಸೇರಿ, ಒಂದು ವರ್ಷ ಆ ವೆಸ್ಟನ್ನು ಸಾದಾ ಪೆಪ್ ಮಾಸ್ಕ್ (ಉಸಿರು ಬಿಡುವಾಗ ಅಡ್ಡಿ ಒಡ್ಡುವ ಮಾಸ್ಕ್, ನಡುಕ ಇಲ್ಲ) ಜೊತೆ ಹೋಲಿಸಿದರು. 2013ರಲ್ಲಿ ಫಲಿತಾಂಶ ಬಂತು. ಮಾಸ್ಕ್ ಬಳಸಿದವರಿಗೆ ಕಾಯಿಲೆ ಉಲ್ಬಣ ಆದದ್ದು ಕಡಿಮೆ.

ಬೆಂಗಳೂರು_ದಕ್ಷಿಣ

ಎಲ್ಲಾ ಸರಿ, ಆದರೆ ನನಗೆ ಸಮಾಧಾನ ಇಲ್ಲ. ಇಂಗ್ಲೆಂಡಿನಲ್ಲಿ ಆಗಲೇ ನೋಡಿ ಆಗಿದೆ ಅಂದಮೇಲೆ ಇಲ್ಲಿನ ಬಡವರ ಮೇಲೆ ಮತ್ತೆ ಯಾಕೆ ಪ್ರಯೋಗ? ಸಾಧನ ಮಾರುವ ಕಂಪನಿಗೆ ಒಂದು ಸರ್ಟಿಫಿಕೇಟ್ ಬೇಕಿರುತ್ತದೆ, ಅಷ್ಟೇ ಇರಬಹುದು. ಅಮ್ಮನಿಗೆ ಸಾಧನ ಬೇಕು ಅಂದರೆ ಒಂದು ಕೊಂಡುಕೊಂಡರೆ ಆಯಿತಲ್ಲ. ಆಸ್ಪತ್ರೆಗೆ ಓಡಾಡಿಸುವುದು ಯಾಕೆ?

ಮಲೆನಾಡು_ಮಗಳು

ಸರ್, ನೀವು ಹೇಳುವ ಭಯ ನನಗೂ ಇದೆ. ಆದರೆ ನನ್ನ ಯೋಚನೆ ಬೇರೆ ಕಡೆ ಹೋಗುತ್ತಿದೆ. ಸ್ಕಾಟ್ಲೆಂಡಿನ ಆ 20 ಜನರ ಎದೆ ಅಮ್ಮನ ಎದೆ ಅಲ್ಲ. ನಮ್ಮ ಡಾಕ್ಟರು ಒಂದು ಮಾತು ಹೇಳಿದ್ದರು, ನಮ್ಮ ದೇಶದ ಬ್ರಾಂಕಿಯೆಕ್ಟಾಸಿಸ್‌ಗೂ ಅಲ್ಲಿಯದಕ್ಕೂ ಕಾರಣವೇ ಬೇರೆ ಅಂತ. ಹುಡುಕಿ ಓದಿದೆ. ಭಾರತದ 31 ಕೇಂದ್ರಗಳಲ್ಲಿ 2,195 ರೋಗಿಗಳ ವಿವರ ಸೇರಿಸಿ 2019ರಲ್ಲಿ ಒಂದು ವರದಿ ಬಂದಿದೆ. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜನರಿಗೆ ಮೂಲ ಟಿಬಿ. ಯೂರೋಪಿನಲ್ಲಿ ಹಾಗಿಲ್ಲ. ಟಿಬಿ ಹೆಚ್ಚಾಗಿ ಶ್ವಾಸಕೋಶದ ಮೇಲಿನ ಭಾಗ ಹಿಡಿಯುತ್ತದೆ, ಕಲೆಗಟ್ಟಿ ಎಳೆದು ನಾಳ ವಕ್ರ ಮಾಡುತ್ತದೆ. ಅಂಥ ಎದೆಯಲ್ಲಿ ಈ ಸಾಧನ ಏನು ಮಾಡುತ್ತದೆ ಅಂತ ಯಾರಾದರೂ ನೋಡಲೇಬೇಕಲ್ಲ? ನೋಡುವುದಾದರೆ ಇಲ್ಲೇ ನೋಡಬೇಕು, ಅಮ್ಮನಂಥವರಲ್ಲೇ ನೋಡಬೇಕು. ಒಲೆ ಹೊಗೆ ಕುಡಿದವರು, ಟಿಬಿ ಗೆದ್ದವರು, ಸಣ್ಣ ಮೈಕಟ್ಟಿನವರು. ನನ್ನ ಹಟ ಇಷ್ಟೇ, ನೋಡುವುದನ್ನು ಸರಿಯಾಗಿ ನೋಡಲಿ. ಕಪ್ ತೂಗಿ ಕಳಿಸಿಬಿಟ್ಟರೆ ಅಮ್ಮ ಇಷ್ಟು ತಿಂಗಳು ಕೊಟ್ಟ ಶ್ರಮ ವ್ಯರ್ಥ.

ಮೈಸೂರು_ವಕೀಲೆ

ನಾನು ಒಂದು ಎಥಿಕ್ಸ್ ಕಮಿಟಿಯಲ್ಲಿ, ಅಂದರೆ ಇಂಥ ಅಧ್ಯಯನಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಸಮಿತಿಯಲ್ಲಿ, ಕಾನೂನು ಸದಸ್ಯೆ. ಬೆಂಗಳೂರಿನವರ ಕಾಳಜಿಗೂ, ಮಗಳ ಪ್ರಶ್ನೆಗೂ ಸೇರಿಸಿ ಬರೀತೇನೆ.

ಮೊದಲು ಅವರ ಹತ್ತಿರ ಸಿಟಿಆರ್‌ಐ ನಂಬರ್ ಕೇಳಿ. ಅದು ನಮ್ಮ ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿ, 2007ರಲ್ಲಿ ಶುರುವಾಯಿತು. 2018ರ ಏಪ್ರಿಲ್‌ನಿಂದ ಮೊದಲ ರೋಗಿ ಸೇರುವ ಮುಂಚೆಯೇ ನೋಂದಾಯಿಸಬೇಕು, ಆಮೇಲೆ ಮಾಡಿದರೆ ತೆಗೆದುಕೊಳ್ಳುವುದಿಲ್ಲ. ಅದರ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು, ದುಡ್ಡು ಕೊಡಬೇಕಿಲ್ಲ. ದುಡ್ಡು ಹಾಕಿದವರು ಯಾರು ಅಂತ ಅಲ್ಲಿರುತ್ತದೆ. ಕಂಪನಿಯೋ, ಕಾಲೇಜೋ, ಸರ್ಕಾರವೋ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯ, ಪ್ರೈಮರಿ ಔಟ್‌ಕಮ್ ಅನ್ನುವ ಸಾಲು. ಅಧ್ಯಯನ ಮೊದಲ ಸ್ಥಾನ ಕೊಟ್ಟು ಅಳೆಯುವುದು ಏನು ಅಂತ ಅಲ್ಲಿ ಬರೆದಿರುತ್ತದೆ. ಕಫದ ತೂಕ ಅಂತಿದೆಯೋ, ಕೆಮ್ಮಿನ ಅಂಕ ಅಂತಿದೆಯೋ, ಉಲ್ಬಣಗಳ ಸಂಖ್ಯೆ ಅಂತಿದೆಯೋ ನೋಡಿಕೊಳ್ಳಿ. ಮುಂಚೆ ಒಂದು ಬರೆದು ಆಮೇಲೆ ಚೆನ್ನಾಗಿ ಕಂಡದ್ದನ್ನು ದೊಡ್ಡದು ಮಾಡಿ ಹೇಳಬಾರದು ಅಂತಲೇ ಈ ವ್ಯವಸ್ಥೆ.

ಎರಡನೆಯದು, ಮಾಹಿತಿ ಪತ್ರ ಕನ್ನಡದಲ್ಲಿ ಇರಬೇಕು, ಅಮ್ಮನಿಗೆ ಓದಿ ಅರ್ಥ ಆಗುವ ಕನ್ನಡದಲ್ಲಿ. ಅಲ್ಲೇ ನಿಲ್ಲಿಸಿ ಸಹಿ ಹಾಕಿಸಿಕೊಂಡರೆ ಒಪ್ಪಬೇಡಿ. ಮನೆಗೆ ತಂದು, ಎರಡು ದಿನ ಇಟ್ಟುಕೊಂಡು, ಓದಿ ಹೇಳುತ್ತೇವೆ ಅನ್ನಿ. ಹಾಗೆ ಕೇಳುವುದು ನಿಮ್ಮ ಹಕ್ಕು. ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಬಿಟ್ಟರೆ ಎಂದಿನ ಚಿಕಿತ್ಸೆಗೆ ತೊಂದರೆ ಆಗಬಾರದು. ಅಧ್ಯಯನದಿಂದ ತೊಂದರೆ ಆದರೆ ಚಿಕಿತ್ಸೆ ಯಾರು ಕೊಡುತ್ತಾರೆ, ಪರಿಹಾರ ಏನು, ಬಸ್ ಚಾರ್ಜ್ ಕೊಡುತ್ತಾರಾ, ಎಲ್ಲ ಆ ಪತ್ರದಲ್ಲಿ ಇರಬೇಕು. ಎಥಿಕ್ಸ್ ಕಮಿಟಿಯ ಫೋನ್ ನಂಬರೂ ಇರಬೇಕು.

ಮೂರನೆಯದು ನಾನು ನಮ್ಮ ಕಮಿಟಿಯಲ್ಲಿ ಪ್ರತಿ ಸಲ ಕೇಳುವ ಪ್ರಶ್ನೆ. ಅಧ್ಯಯನ ಮುಗಿದ ಮೇಲೆ ಸಾಧನ ಅವರ ಹತ್ತಿರವೇ ಇರುತ್ತದಾ, ವಾಪಸ್ ತಗೊಳ್ಳುತ್ತಾರಾ? ಮೂರು ತಿಂಗಳು ಸುಧಾರಿಸಿದವರ ಕೈಯಿಂದ ಅದನ್ನು ಕಿತ್ತುಕೊಳ್ಳುವುದು ಸರಿಯಲ್ಲ ಅನ್ನುವುದು ನನ್ನ ನಿಲುವು.

ಗುಬ್ಬಿ_ನರ್ಸ್

ಅಕ್ಕ, ಒಂದು ವಿಷಯ ಯಾರೂ ಹೇಳಲಿಲ್ಲ. ಕಫದಲ್ಲಿ ರಕ್ತ ಬರುತ್ತದಾ ಅಮ್ಮನಿಗೆ? ಟಿಬಿ ಆಗಿ ಬ್ರಾಂಕಿಯೆಕ್ಟಾಸಿಸ್ ಆದವರಲ್ಲಿ ಇದು ಸಾಮಾನ್ಯ. ರಕ್ತ ಬರುತ್ತಿರುವಾಗ ಸಾಧನ ಊದಬಾರದು, ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು. ಶ್ವಾಸಕೋಶದ ಸುತ್ತ ಗಾಳಿ ತುಂಬಿ ಕುಸಿದಿದ್ದವರು, ಇತ್ತೀಚೆಗೆ ಮುಖದ ಅಥವಾ ಕಿವಿಯ ಆಪರೇಷನ್ ಆದವರು, ಕಿವಿ ತಮಟೆ ಹರಿದವರು ಇವರಿಗೂ ಕೊಡುವ ಮುಂಚೆ ಯೋಚಿಸಬೇಕು. ಊದುವಾಗ ತಲೆ ಸುತ್ತಿದರೆ ಜೋರಾಗಿ, ಬೇಗ ಬೇಗ ಮಾಡುತ್ತಿದ್ದೀರಿ ಅಂತ ಅರ್ಥ, ನಿಲ್ಲಿಸಿ ಸುಮ್ನೆ ಕೂತು ಸುಧಾರಿಸಿಕೊಳ್ಳಬೇಕು.

ಇನ್ನೊಂದು, ಟ್ರಯಲ್‌ಗೆ ಸೇರಿಸುವ ಮುಂಚೆ ಕಫ ಪರೀಕ್ಷೆ ಮಾಡಿ ಈಗ ಟಿಬಿ ಇಲ್ಲ ಅಂತ ಖಚಿತ ಮಾಡಿಕೊಂಡಿದ್ದಾರಾ ಕೇಳಿ. ಒಂದು ಸಲ ಟಿಬಿ ಬಂದವರಿಗೆ ಮತ್ತೆ ಬರಬಹುದು. ಒಂದೇ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ಕೆಮ್ಮಿಸಿದರೆ ಪಕ್ಕದವರಿಗೂ ಕಷ್ಟ. ಕಿಟಕಿ ತೆರೆದ ಜಾಗ ಇರಬೇಕು, ಒಬ್ಬರಾದ ಮೇಲೆ ಒಬ್ಬರು ಮಾಡಬೇಕು.

ಸಾಧನ ತೊಳೆಯುವುದನ್ನು ಹೇಳಿಕೊಟ್ಟಿದ್ದಾರಾ? ಬಳಸಿದ ಮೇಲೆ ಪ್ರತಿ ಸಲ ಸೋಪು ನೀರಿನಲ್ಲಿ ತೊಳೆದು, ನೀರು ಕೊಡವಿ, ಗಾಳಿಗೆ ಒಣಗಿಸಬೇಕು. ಒದ್ದೆ ಇಟ್ಟು ಡಬ್ಬಿಗೆ ಹಾಕಿ ಮುಚ್ಚಿದರೆ ಒಳಗೆ ಕ್ರಿಮಿ ಬೆಳೆಯುತ್ತದೆ, ಅದನ್ನೇ ಮತ್ತೆ ಬಾಯಿಗೆ ಇಡುತ್ತೇವೆ. ಬಿಚ್ಚಲು ಬರುವ ಮಾದರಿ ಆದರೆ ಕುದಿಸಬಹುದು, ಮೇಷ್ಟ್ರು ಹೇಳಿದ ಹಸಿರು ಬಣ್ಣದ ಹಳೇ ಮಾದರಿಯನ್ನು ಬಿಚ್ಚಲು ಬರುವುದಿಲ್ಲ. ಕಂಪನಿ ಕೊಟ್ಟ ಹಾಳೆಯಲ್ಲಿ ಹೇಗೆ ಬರೆದಿದೆಯೋ ಹಾಗೇ ಮಾಡಿ. ಒಬ್ಬರ ಸಾಧನ ಒಬ್ಬರಿಗೇ. ನಮ್ಮ ಕಡೆ ಅತ್ತೆ ಸೊಸೆ ಒಂದೇ ನೆಬ್ಯುಲೈಜರ್ ಮಾಸ್ಕ್ ಹಾಕಿಕೊಳ್ಳುವುದನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಉಡುಪಿ_ಸಿಒಪಿಡಿ

ನನ್ನದೂ ಸಿಒಪಿಡಿ, ಆದರೆ ಕಫ ಇಲ್ಲ, ದಮ್ಮು ಮಾತ್ರ. ಮೆಟ್ಟಿಲು ಹತ್ತಿದರೆ ಏದುಸಿರು. ಆನ್‌ಲೈನ್‌ನಲ್ಲಿ ಹೊಗಳಿದ್ದು ನೋಡಿ ಮಗ ಒಂದು ಸಾಧನ ತಂದುಕೊಟ್ಟ. ಊದಿದರೆ ಸುಸ್ತು ಬಿಟ್ಟರೆ ಏನೂ ಇಲ್ಲ. ಆಮೇಲೆ ಫಿಸಿಯೊ ಹೇಳಿದರು, ನಿಮಗೆ ಬೇಕಾದ್ದು ಇದಲ್ಲ, ನಡಿಗೆ, ಕಾಲಿನ ವ್ಯಾಯಾಮ, ಸಿಳ್ಳೆ ಹೊಡೆಯುವ ಹಾಗೆ ತುಟಿ ಕಿರಿದು ಮಾಡಿ ನಿಧಾನಕ್ಕೆ ಉಸಿರು ಬಿಡುವುದು ಅಂತ. ಅದರಿಂದ ನಿಜವಾಗಿ ಅನುಕೂಲ ಆಯಿತು. ಲಂಡನ್ನಿನವರು ಕಫ ಬರುವವರನ್ನೇ ಆರಿಸಿದರು ಅಂತ ಮೇಲೆ ಬರೆದಿದ್ದೀರಲ್ಲ, ಅದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಎಲ್ಲಾ ದಮ್ಮಿಗೂ ಇದು ಮದ್ದಲ್ಲ.

ಮಲೆನಾಡು_ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಕ್ತ ಹೋದ ವರ್ಷ ಒಮ್ಮೆ ಗೆರೆಯಷ್ಟು ಕಂಡಿತ್ತು, ಈಗ ಇಲ್ಲ. ಅದನ್ನು ಅವರಿಗೆ ಹೇಳುತ್ತೇನೆ.

ಇವತ್ತು ಫೋನ್ ಮಾಡಿ ಕೇಳಿದೆ. ಸಾಧನ ಇಲ್ಲದ ಮೂರು ತಿಂಗಳು ಏನೂ ಕೊಡುವುದಿಲ್ಲ ಅಂತಲ್ಲ, ಉಸಿರಿನ ವಿಧಾನ ಮತ್ತು ಹಫ್ ಕಲಿಸುತ್ತಾರಂತೆ, ಅದನ್ನೂ ದಿನಕ್ಕೆ ಎರಡು ಸಲ. ಹಾಗಾದರೆ ಲೆಸ್ಟರ್ ಅವರು ಹೇಳಿದ ಕೊರತೆ ಇಲ್ಲಿಲ್ಲ ಅಲ್ವಾ? ಇನ್ನೊಂದು ಅನುಮಾನ ಬಂತು. ಅಮ್ಮನ ಸಾಧನದ ಮೂರು ತಿಂಗಳು ಜೂನ್‌ನಿಂದ ಆಗಸ್ಟ್‌ಗೆ ಬಿದ್ದರೆ? ಆಗುಂಬೆ ಕಡೆ ಮಳೆ ಹಿಡಿದರೆ ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು, ಅಮ್ಮ ಆ ಮೂರು ತಿಂಗಳು ಯಾವಾಗಲೂ ಕೆಡುತ್ತಾಳೆ. ಬೇಸಿಗೆಯ ಮೂರು ತಿಂಗಳ ಜೊತೆ ಹೋಲಿಸಿದರೆ ಸಾಧನವೇ ಕೆಟ್ಟದು ಅಂತ ಕಾಣುವುದಿಲ್ಲವಾ?

ಲೆಸ್ಟರ್_ಕನ್ನಡಿಗ

ಒಳ್ಳೇ ಪ್ರಶ್ನೆ. ಅಮ್ಮ ಒಬ್ಬರನ್ನೇ ನೋಡಿದರೆ ಖಂಡಿತ ಹಾಗೆ ಕಾಣಬಹುದು. ಅದಕ್ಕೇ ಯಾವುದು ಮೊದಲು ಅನ್ನುವುದನ್ನು ಕಂಪ್ಯೂಟರ್‌ಗೆ ಬಿಡುವುದು. ಅರ್ಧ ಜನರಿಗೆ ಮಳೆಗಾಲದಲ್ಲಿ ಸಾಧನ, ಅರ್ಧ ಜನರಿಗೆ ಮಳೆಗಾಲದಲ್ಲಿ ಉಸಿರಿನ ವಿಧಾನ. ಎಲ್ಲರನ್ನೂ ಸೇರಿಸಿದಾಗ ಮಳೆಯ ಪಾಲು ಎರಡೂ ಕಡೆ ಸಮ ಆಗುತ್ತದೆ. ಆದರೆ ಹತ್ತೋ ಹದಿನೈದೋ ಜನ ಇದ್ದರೆ ಸಮ ಆಗದೆಯೂ ಇರಬಹುದು. ಎಷ್ಟು ಜನರನ್ನು ಸೇರಿಸುತ್ತಿದ್ದಾರೆ, ಮಳೆಗಾಲದ ಲೆಕ್ಕ ಇಟ್ಟಿದ್ದಾರಾ ಅಂತ ಕೇಳಿ. ಕ್ರಾಸ್‌ಓವರ್‌ನಲ್ಲಿ ಇನ್ನೊಂದು ತೊಡಕು ಇದೆ. ಒಮ್ಮೆ ಕಲಿತ ಹಫ್ ಮರೆತುಹೋಗುವುದಿಲ್ಲ. ಸಾಧನದ ಜೊತೆ ಹಫ್ ಕಲಿತವರು ಆಮೇಲೆ ಸಾಧನ ಬಿಟ್ಟರೂ ಹಫ್ ಮಾಡುತ್ತಾರೆ. ಒಂದು ತಿಂಗಳ ಬಿಡುವು ಕಫಕ್ಕೆ ಸಾಕು, ಕಲಿಕೆಗೆ ಸಾಲದು. ಹೋಲಿಕೆಯಲ್ಲಿ ಎರಡೂ ಕಡೆ ಹಫ್ ಇರುವುದರಿಂದ ನಿಮ್ಮವರದು ಪರವಾಗಿಲ್ಲ.

ಇನ್ನು ಯಾರಿಗೆ ಯಾವುದು ಕೊಟ್ಟಿದ್ದಾರೆ ಅನ್ನುವುದನ್ನು ಮರೆಮಾಚುವ ವಿಷಯ. ಮಾತ್ರೆ ಆದರೆ ಸುಳ್ಳು ಮಾತ್ರೆ ಕೊಡಬಹುದು. ಊದುವ ಸಾಧನಕ್ಕೆ ಅದು ಕಷ್ಟ, ಕೈಯಲ್ಲಿ ಏನಿದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಫ್ಲಟರ್‌ನ ಗುಂಡು ತೆಗೆದು ಸುಳ್ಳು ಸಾಧನ ಮಾಡಿ ನೋಡಿದವರಿದ್ದಾರೆ, ಕೆನಡಾದಲ್ಲಿ, 2002ರಲ್ಲಿ ಪ್ರಕಟವಾಯಿತು. ಅಂಥದ್ದು ಅಪರೂಪ. ಹೊಸ ಸಾಧನ ಸಿಕ್ಕಿತು ಅನ್ನುವ ಹುರುಪಿಗೇ ಕೆಲವರು ಚೆನ್ನಾಗಿದೆ ಅಂತ ಗುರುತು ಹಾಕುತ್ತಾರೆ. ಹೀಗಾಗಿ ಕೊನೆಗೆ ಅಳೆಯುವವರಿಗಾದರೂ ಯಾರು ಯಾವುದರಲ್ಲಿದ್ದರು ಅಂತ ಗೊತ್ತಿರಬಾರದು. ಅದನ್ನೂ ಕೇಳಿ.

ಫಿಸಿಯೊ_ಹಾಸನ

ಬೆಂಗಳೂರಿನವರು ಕೊಂಡುಕೊಳ್ಳಬಹುದಲ್ಲ ಅಂದರು. ಎಲ್ಲರಿಂದ ಆಗುವುದಿಲ್ಲ ಸರ್. ಸಾಧನ ಕೊಳ್ಳಲು ಆಗದವರಿಗೆ ನಾವು ಬಾಟಲಿ ಕಲಿಸುತ್ತೇವೆ. ಒಂದು ಬಾಟಲಿಯಲ್ಲಿ ನೀರು, ಅದರೊಳಗೆ ಅಗಲದ ನಳಿಗೆ, ಊದಿದರೆ ಗುಳುಗುಳು ಗುಳ್ಳೆ. ನಳಿಗೆಯ ತುದಿ ಎಷ್ಟು ಆಳದಲ್ಲಿದೆಯೋ ಅಷ್ಟು ಒತ್ತಡ, 10 ಸೆಂಟಿಮೀಟರ್ ಆಳ ಇದ್ದರೆ ಹತ್ತಿರಹತ್ತಿರ 10 ಸೆಂಟಿಮೀಟರ್ ನೀರಿನಷ್ಟು. ನಳಿಗೆ ಸಣ್ಣದಾದರೆ ಅದೇ ಅಡ್ಡಿ ಆಗಿ ಒತ್ತಡ ಏರುತ್ತದೆ, ಜ್ಯೂಸ್ ಕುಡಿಯುವ ಸ್ಟ್ರಾ ಆಗುವುದಿಲ್ಲ. ಬಾಟಲಿಯ ಬಾಯಿ ಮುಚ್ಚಬಾರದು. ನೀರು ದಿನಾ ಬದಲಿಸಬೇಕು. ಫಿಸಿಯೊ ಎದುರು ಕಲಿತೇ ಮಾಡಬೇಕು, ನಾನು ಬರೆದಿದ್ದು ನೋಡಿ ಮನೆಯಲ್ಲಿ ಶುರು ಮಾಡಬೇಡಿ.

ನನಗೆ ನಮ್ಮ ಊರುಗಳಲ್ಲಿ ನಡೆಯಬೇಕು ಅನ್ನಿಸುವ ಪರೀಕ್ಷೆ ಇದು. ಸಾಧನ, ಬಾಟಲಿ, ಬರೀ ಉಸಿರು, ಮೂರನ್ನೂ ಟಿಬಿ ಆದವರ ಎದೆಯಲ್ಲಿ ಒಂದು ವರ್ಷ ನೋಡಬೇಕು, ಮಳೆಗಾಲದ ಎರಡೂ ಅಂಚು ಸಿಗುವ ಹಾಗೆ. ಆಂಟಿಬಯೊಟಿಕ್ ಎಷ್ಟು ಸಲ ಬೇಕಾಯಿತು, ಎಷ್ಟು ದಿನ ಮಲಗಿದರು ಅಂತ ಎಣಿಸಬೇಕು. ಮೂರು ತಿಂಗಳಲ್ಲಿ ಉಲ್ಬಣಗಳ ಲೆಕ್ಕ ಸರಿಯಾಗಿ ಸಿಗುವುದಿಲ್ಲ. ಸ್ಪೇನಿನಲ್ಲಿ 44 ಜನರಲ್ಲಿ, ಪಕ್ಕಕ್ಕೆ ಮಲಗಿ ನಿಧಾನಕ್ಕೆ ಉಸಿರು ಬಿಡುವ ಒಂದು ವಿಧಾನವನ್ನು ಪೂರ್ತಿ ಒಂದು ವರ್ಷ ನೋಡಿದರು, 2018ರಲ್ಲಿ ಬಂತು, ಉಲ್ಬಣ ಕಡಿಮೆಯಾದದ್ದು ಅಲ್ಲಿ ಕಂಡಿತು. ಯಾವ ಸಾಧನವೂ ಇಲ್ಲದೆ.

ಬೆಂಗಳೂರು_ದಕ್ಷಿಣ

ವಕೀಲೆ ಮೇಡಂ ಹೇಳಿದ ಹಾಗೆ ದುಡ್ಡು ಯಾರದು ಅಂತ ಮೊದಲು ನೋಡಿ. ಕಾಲೇಜಿನದೇ ಆದರೆ ನನ್ನ ಆಕ್ಷೇಪ ಇಲ್ಲ. ಆದರೆ ಅಮ್ಮನಿಗೆ ಓಡಾಟ ಕಷ್ಟ ಆದರೆ ಮುಲಾಜಿಲ್ಲದೆ ಬಿಡಿಸಿ.

ಮಲೆನಾಡು_ಮಗಳು

ಸರಿ ಸರ್. ಈಗಷ್ಟೇ ಸಿಟಿಆರ್‌ಐ ಸೈಟಿನಲ್ಲಿ ಹುಡುಕಿದೆ, ಸಿಕ್ಕಿತು. ದುಡ್ಡು ಕಾಲೇಜಿನದು. ಪ್ರೈಮರಿ ಔಟ್‌ಕಮ್ ಕಡೆ ಕೆಮ್ಮಿನ ಪ್ರಶ್ನೆಪತ್ರಿಕೆ ಇದೆ, ಕಫದ ತೂಕ ಎರಡನೇ ಸಾಲಿನಲ್ಲಿದೆ. ಅಲ್ಲಿನ ಹುಡುಗಿ ಕಫದ ಬಗ್ಗೆಯೇ ಯಾಕೆ ಹೇಳುತ್ತಿದ್ದಳು ಗೊತ್ತಿಲ್ಲ, ಕಾಗದದಲ್ಲಿ ಇರುವುದು ನನಗೆ ಸಮಾಧಾನ ತಂದಿತು. ಉಲ್ಬಣಗಳ ಬಗ್ಗೆ ಏನೂ ಬರೆದಿಲ್ಲ. ಅದಕ್ಕೆ ನಾನೇ ಒಂದು ಹಳೇ ಡೈರಿಯಲ್ಲಿ ಬರೆದಿಡುತ್ತೇನೆ, ಆಂಟಿಬಯೊಟಿಕ್ ಶುರುವಾದ ದಿನ, ಮುಗಿದ ದಿನ, ಅಮ್ಮ ಅಡುಗೆಮನೆಗೆ ಬಾರದ ದಿನ. ಅವರಿಗೂ ಕೊಡುತ್ತೇನೆ, ತಗೊಂಡರೆ ತಗೊಳ್ಳಲಿ.

ಅಮ್ಮನ ಹತ್ತಿರ ಎಲ್ಲಾ ಹೇಳಿದೆ. ಸೇರುತ್ತೇನೆ ಅಂದಳು. ಅವಳು ಕೇಳಿದ್ದು ಒಂದೇ, ಆಸ್ಪತ್ರೆಯಲ್ಲಿ ಎಲ್ಲರ ಎದುರು ಉಗುಳಬೇಕಾ ಅಂತ.

ಗುಬ್ಬಿ_ನರ್ಸ್

ಬೇಕಿಲ್ಲ ಅಕ್ಕ. ಮುಚ್ಚಳ ಇರುವ ಕಪ್ ಕೊಡುತ್ತಾರೆ, ಪರದೆ ಹಾಕಿಸಿ ಅಂತ ಮುಂಚೆಯೇ ಹೇಳಿ, ಹೆಣ್ಣು ಫಿಸಿಯೊ ಇದ್ದರೆ ಅವರೇ ಬರಲಿ ಅಂತ ಕೇಳಿ. ಮನೆಯಲ್ಲಿ 24 ಗಂಟೆಯ ಕಫ ಹಿಡಿಯಲು ಹೇಳಿದರೆ ಕಪ್ಪಿಗೆ ನೀರು ಹಾಕಬೇಡಿ, ತೂಕ ತಪ್ಪುತ್ತದೆ. ಉಗುಳುವ ಮುಂಚೆ ಬಾಯಿ ಮುಕ್ಕಳಿಸಲಿ. ಕಪ್ ಮೇಲೆ ಹೆಸರು, ತಾರೀಖು, ಹಿಡಿಯಲು ಶುರು ಮಾಡಿದ ಸಮಯ ಬರೆದು ಕೊಡಿ.